ಚಾರ್ಕೋಲ್ ಕಿಟ್: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ನಾನು ವಿಜಯಪುರದಲ್ಲಿ ಚಿತ್ರಕಲೆ ಕಲಿಯುತ್ತಿದ್ದೇನೆ, ಎರಡನೇ ವರ್ಷ. ಇದ್ದಿಲಿನಲ್ಲಿ ಚಿತ್ರ ಬಿಡಿಸುವ ಈ ಚಾರ್ಕೋಲ್ ಕಿಟ್ ಆನ್‌ಲೈನ್‌ನಲ್ಲಿ ತರಿಸಿದ್ದು, 640 ರೂಪಾಯಿ. ಡಬ್ಬಿ ತೆಗೆದ ದಿನವೇ ಬರೆದಿದ್ದರೆ ಎರಡು ಸ್ಟಾರ್ ಕೊಡುತ್ತಿದ್ದೆ. ಈಗ ನಾಲ್ಕು.

ಒಳಗೆ ಮೂರು ಚಾರ್ಕೋಲ್ ಪೆನ್ಸಿಲ್, ವಿಲ್ಲೋ ಕಡ್ಡಿಗಳು (ವಿಲ್ಲೋ ಮರದ ಕಡ್ಡಿ ಸುಟ್ಟು ಮಾಡಿದ ಇದ್ದಿಲು), ಕಂಪ್ರೆಸ್ಡ್ ಕಡ್ಡಿಗಳು (ಇದ್ದಿಲ ಪುಡಿ ಒತ್ತಿ ಮಾಡಿದ್ದು), ಒಂದು ಪುಟ್ಟಿ ರಬ್ಬರ್ (ಕಣಕದ ಹಾಗೆ ಮೆತ್ತಗಿನ, ಅಳಿಸುವ ರಬ್ಬರ್).

ಅಲ್ಲಿಯವರೆಗೆ ನಾನು ಎಚ್‌ಬಿ ಪೆನ್ಸಿಲ್ ಬಿಟ್ಟು ಬೇರೆ ಮುಟ್ಟಿರಲಿಲ್ಲ. ಎರಡನೇ ಇಬ್ರಾಹಿಂ ಆದಿಲ್ ಶಾಹನ (1580–1627) ಕಾಲದ ನಮ್ಮೂರಿನ ಕಿರುಚಿತ್ರಗಳ ಫೋಟೊ ನೋಡಿ, ನಾನೂ ಹಾಗೆ ನವಿರು ಗೆರೆ ಎಳೆಯಬೇಕು ಅನ್ನೋ ಹುಚ್ಚು. ಯಾರ ಮುಖ ಬಿಡಿಸಿದರೂ ಕಣ್ಣಿನಿಂದಲೇ ಶುರು. ರೆಪ್ಪೆಗೂದಲು ಒಂದೊಂದೇ ಎಳೆದು ಕೆಳಗಿಳಿಯುವ ಹೊತ್ತಿಗೆ ಗದ್ದಕ್ಕೆ ಹಾಳೆಯಲ್ಲಿ ಜಾಗವೇ ಇರುತ್ತಿರಲಿಲ್ಲ.

ವಿಲ್ಲೋ ಕಡ್ಡಿ ಆ ಚಟ ಬಿಡಿಸಿತು. ದಪ್ಪ ಕಡ್ಡಿಯಲ್ಲಿ ರೆಪ್ಪೆ ಎಳೆಯೋಕೆ ಆಗಲ್ಲ, ಅಷ್ಟೇ. ಅದನ್ನು ಅಡ್ಡ ಮಲಗಿಸಿ ಕಣ್ಣಿನ ಗುಳಿ, ಮೂಗಿನ ಕೆಳಗೆ, ಗದ್ದದ ಕೆಳಗೆ ನೆರಳು ತುಂಬಿದೆ. ಎದ್ದು ದೂರ ಹೋಗಿ ನೋಡಿದರೆ, ಕಣ್ಣೇ ಬಿಡಿಸದ ಆ ಮುಖ ಆಗಲೇ ನಮ್ಮ ಅಜ್ಜನ ಹಾಗೆ ಕಾಣುತ್ತಿತ್ತು!

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ನೆತ್ತಿಯಿಂದ ಗದ್ದಕ್ಕೆ ಅಳೆದರೆ ಕಣ್ಣು ಸುಮಾರು ಅರ್ಧಕ್ಕೆ ಬರುತ್ತದೆ. ಇದು ಕ್ಲಾಸಿನಲ್ಲಿ ಬಾಯಿಪಾಠ. ಆದರೆ ರುಮಾಲು ಸುತ್ತಿದ ಹಿರಿಯರ ನೆತ್ತಿ ಎಲ್ಲಿದೆ ಅಂತ ಹೇಗೆ ಹುಡುಕೋದು? ನಾನು ಮೊದಲು ಬೋಳು ಬುರುಡೆ ಬಿಡಿಸಿ, ಆಮೇಲೆ ಅದಕ್ಕೆ ರುಮಾಲು ಸುತ್ತುತ್ತೇನೆ. ವಿಲ್ಲೋ ಕಡ್ಡಿಯ ಗೆರೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಬುರುಡೆಯ ಗೆರೆ ಉಳಿಯಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜ ತಮ್ಮ ಚಿತ್ರ ಅರ್ಧ ಆಗಿದ್ದಾಗಲೇ ಬಗ್ಗಿ ನೋಡಿ, "ಏ ತಮ್ಮಾ, ನನ್ನ ತಲಿ ಯಾಕ ಬೋಳಿಸೀ?" ಅಂದರು. "ತಡೀರಿ ಅಜ್ಜಾರ, ರುಮಾಲ ಸುತ್ತತೀನಿ" ಅಂದೆ. ಇಂಡಿ ಬಸ್ ಬರೋವರೆಗೂ ಅಲುಗದೆ ಕೂತರು.

ಕಂಪ್ರೆಸ್ಡ್ ಕಡ್ಡಿಯನ್ನು ಆರು ತಿಂಗಳು ಮುಟ್ಟಲೇ ಇಲ್ಲ. ವಿಪರೀತ ಕಪ್ಪು, ಒರೆಸಿದರೂ ಪೂರ್ತಿ ಹೋಗಲ್ಲ. ಈಗ ಕೊನೆಯಲ್ಲಿ ಮೂಗಿನ ಹೊಳ್ಳೆಗೆ, ತುಟಿ ಸೇರುವ ಗೆರೆಗೆ ಮಾತ್ರ.

ಬೈಯಬೇಕಾದ್ದೂ ಇದೆ. ಪೆನ್ಸಿಲ್‌ಗಳ ಒಳಗೆ ಸೀಸ ಮುರಿದೇ ಬಂದಿತ್ತು. ಶಾರ್ಪನರ್‌ಗೆ ಹಾಕಿದರೆ ಮುಗಿದೇ ಹೋಯಿತು, ಬ್ಲೇಡಿನಲ್ಲಿ ಕೆತ್ತಬೇಕು. ಏಪ್ರಿಲ್ ಬಿಸಿಲಿಗೆ ಪುಟ್ಟಿ ರಬ್ಬರ್ ಬೆಲ್ಲದ ಪಾಕದ ಹಾಗಾಗಿ ಡಬ್ಬಿಗೆ ಅಂಟಿಕೊಂಡಿತು. ಈಗ ಹೊಸದನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ನೀರಿನ ಕೊಡದ ಪಕ್ಕ ಇಡುತ್ತೇನೆ. ಚಾರ್ಕೋಲ್ ಉದುರದ ಹಾಗೆ ಹೊಡೆಯುವ ಫಿಕ್ಸೆಟಿವ್ ಸ್ಪ್ರೇ ಕೊಟ್ಟಿಲ್ಲ. ಗೆಳೆಯರ ಮಾತು ಕೇಳಿ ಹೇರ್ ಸ್ಪ್ರೇ ಹೊಡೆದೆ, ಎರಡು ಹಾಳೆ ಹಳದಿ ತಿರುಗಿವೆ. ಸದ್ಯ ನಡುವೆ ಬಟರ್ ಪೇಪರ್ ಇಟ್ಟು ಒಯ್ಯುತ್ತೇನೆ. ಹಾಳೆ ಸ್ವಲ್ಪ ಒರಟಿರಲಿ, ನುಣುಪಾದ ಹಾಳೆಯಲ್ಲಿ ಚಾರ್ಕೋಲ್ ಹಿಡಿಯಲ್ಲ.

ಇಡೀ ಆಳು ಬಿಡಿಸುವುದು ಇನ್ನೂ ಕುಂಟುತ್ತಿದೆ. ಗೋಲಗುಮ್ಮಟದ ಹುಲ್ಲಿನ ಮೇಲೆ ಕೂತವರನ್ನು ಒಂದೊಂದು ನಿಮಿಷದಲ್ಲಿ ಹಿಡಿಯುತ್ತೇನೆ. ನಿಂತವರು ಏಳೂವರೆ ತಲೆಯ ಲೆಕ್ಕಕ್ಕೆ (ಆಳಿನ ಎತ್ತರ ಅವರ ತಲೆಯ ಏಳೂವರೆಯಷ್ಟು) ಸಿಗುತ್ತಾರೆ, ಚಕ್ಕಳಮಕ್ಕಳ ಹಾಕಿದವರು ಸಿಗಲ್ಲ. ಕೈಬೆರಳಂತೂ ಬಾಳೆಗೊನೆ. ಅದಕ್ಕೆ ಕಿಟ್ ಏನು ಮಾಡೀತು, ಅಲ್ವಾ?

ಮತ್ತೆ ಇಡೀ ಕಿಟ್ ತರಿಸಲ್ಲ. ಬಿಡಿಯಾಗಿ ಸಿಗುವ ವಿಲ್ಲೋ ಕಡ್ಡಿ, ಒಂದು ಪುಟ್ಟಿ ರಬ್ಬರ್ ಸಾಕು. ಬಿಳಿ ಅಂಗಿ ಹಾಕಿಕೊಂಡು ಮಾತ್ರ ಕೂರಬೇಡಿ.