ಟೈಟಾನಿಯಂ ಚಿಪ್‌ಗೆ ಹಲ್ಲು ಮೂಡಿದ ದಿನ: ಕಟಿಂಗ್ ಸಿಮ್ಯುಲೇಷನ್ ತಂತ್ರಾಂಶ, ನಾಲ್ಕು ವರ್ಷಗಳ ಬಳಕೆಯ ನಂತರ

ಲೋಹ ಕತ್ತರಿಸುವುದನ್ನು ಗಣಕದಲ್ಲೇ ಅನುಕರಿಸಿ ತೋರಿಸುವ ಈ ತಂತ್ರಾಂಶದ ಮೇಲೆ ನನಗಿರುವ ಸಿಟ್ಟೆಲ್ಲ ಒಂದೇ ಕಡತದ್ದು. ಅದು ತಯಾರಕರು ಮೊದಲೇ ತುಂಬಿಸಿಕೊಟ್ಟ, ಟೈಟಾನಿಯಂನ ಗುಣಗಳಿರುವ ಕಡತ.

ಪೀಣ್ಯದ ನಮ್ಮ ಘಟಕದಲ್ಲಿ 6-4 ಟೈಟಾನಿಯಂನ (ಶೇ. 6 ಅಲ್ಯುಮಿನಿಯಂ, ಶೇ. 4 ವೆನೇಡಿಯಂ ಬೆರೆತ ಮಿಶ್ರಲೋಹ) ತೆಳು ಉಂಗುರಗಳಿಗೆ ಲೇತ್‌ನಲ್ಲಿ ಗ್ರೂವ್, ಅಂದರೆ ಸುತ್ತಲೂ ಕಿರಿದಾದ ಕಾಲುವೆ, ಹಾಕುತ್ತೇವೆ. ಇನ್ಸರ್ಟ್ (ಟೂಲ್‌ನ ತುದಿಗೆ ಕೂರಿಸುವ ಕತ್ತರಿಸುವ ತುಂಡು) ಮುರಿದುಕೊಂಡು ಕಲಿಯುವುದಕ್ಕಿಂತ ಗಣಕದಲ್ಲೇ ಬಲ ಲೆಕ್ಕ ಹಾಕೋಣವೆಂದು ವಾರ್ಷಿಕ ಪರವಾನಗಿ ಕೊಂಡೆ. ಆ ಹಣದಲ್ಲಿ ಒಬ್ಬ ಒಳ್ಳೆಯ ಆಪರೇಟರ್‌ನ ವರ್ಷದ ಸಂಬಳ ಕಳೆಯುತ್ತಿತ್ತು.

ಪರದೆಯ ಮೇಲೆ ಚಿಪ್, ಅಂದರೆ ಕತ್ತರಿಸುವಾಗ ಸುಲಿದು ಬರುವ ಲೋಹದ ಸಿಪ್ಪೆ, ರಿಬ್ಬನ್‌ನಂತೆ ನುಣ್ಣಗೆ ಬಂತು. ಲೇತ್‌ನ ಕೆಳಗೆ ಬಿದ್ದಿದ್ದ ಚಿಪ್‌ನ ಅಂಚಿನಲ್ಲಿ ಮಾತ್ರ ಗರಗಸದ ಹಲ್ಲುಗಳು. ಈ ಲೋಹದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 7 ವ್ಯಾಟ್. ಮಧ್ಯಮ ಇಂಗಾಲದ ಉಕ್ಕಿನದು 50ರ ಆಸುಪಾಸು. ಹುಟ್ಟಿದ ಬಿಸಿ ಹರಡಲು ಪುರಸೊತ್ತಿಲ್ಲದೆ ಒಂದು ತೆಳು ಪಟ್ಟಿ ಮೆತ್ತಗಾಗಿ ಜಾರುತ್ತದೆ, ಆಮೇಲೆ ಮುಂದಿನದು. ಬಲವೂ ಅದರ ಜೊತೆಗೇ ಏರಿ ಇಳಿಯುತ್ತದೆ. ಕಡತದಲ್ಲಿದ್ದದ್ದು 1983ರ ಜಾನ್ಸನ್-ಕುಕ್ ಸಮೀಕರಣ; ಎಷ್ಟು ಜಗ್ಗಿದರೆ, ಎಷ್ಟು ವೇಗದಲ್ಲಿ, ಎಷ್ಟು ಬಿಸಿಯಲ್ಲಿ ಲೋಹ ಎಷ್ಟು ಗಟ್ಟಿ ಎಂದು ಹೇಳುವಂಥದ್ದು. 6-4ಕ್ಕೆ ಪ್ರಕಟವಾಗಿರುವ ಅದರ ಮೊದಲ ಸ್ಥಿರಾಂಕವೇ ಒಂದು ಕಡೆ 782.7, ಇನ್ನೊಂದು ಕಡೆ 1098 ಮೆಗಾಪ್ಯಾಸ್ಕಲ್. ಇವರು ಯಾವುದನ್ನು ಎಲ್ಲಿಂದ ತೆಗೆದುಕೊಂಡರೆಂದು ಕೈಪಿಡಿಯ ಒಂದು ಪುಟದಲ್ಲೂ ಬರೆದಿಲ್ಲ.

ಮುಖ್ಯ ಕತ್ತರಿಸುವ ಬಲ ಅಳತೆಗೆ ಹತ್ತಿರವೇ ಬರುತ್ತಿತ್ತು. ಫೀಡ್ ಬಲ (ಟೂಲ್ ಮುಂದೆ ಸಾಗುವ ದಿಕ್ಕಿನದು) ಮಾತ್ರ ಪ್ರತಿ ಸಲವೂ ಕಡಿಮೆ. ಗ್ರೂವ್ ಹಾಕುವಾಗ ಉಂಗುರವನ್ನು ಒಳಕ್ಕೆ ಒತ್ತುವುದೇ ಆ ಬಲ. ಟೈಟಾನಿಯಂ ಉಕ್ಕಿನ ಅರ್ಧದಷ್ಟು ಮಾತ್ರ ಬಿಗಿ. ಬಗ್ಗಿ, ಮರಳಿ ಚಿಮ್ಮಿ ಟೂಲ್‌ನ ಪಕ್ಕಕ್ಕೆ ಉಜ್ಜುತ್ತದೆ. ಪರದೆಯನ್ನು ನಂಬಿ ಫೀಡ್, ಅಂದರೆ ಟೂಲ್ ಒಳಹೋಗುವ ವೇಗ, ಏರಿಸಿದೆ, ಉಂಗುರಗಳು ಗುಜರಿಗೆ ಹೋದವು. ಸಹಾಯ ವಿಭಾಗಕ್ಕೆ ಬರೆದರೆ ಮೆಶ್ (ಲೆಕ್ಕಕ್ಕಾಗಿ ಲೋಹವನ್ನು ವಿಂಗಡಿಸುವ ಜಾಲರಿ) ಇನ್ನಷ್ಟು ಸಣ್ಣದು ಮಾಡಿ ಎಂಬ ಉತ್ತರ ಬಂತು. ಮಾಡಿದೆ. ರಾತ್ರಿಯಿಡೀ ಓಡಿತು, ಫೀಡ್ ಬಲ ಕದಲಲಿಲ್ಲ.

ಮೂರನೆಯ ವರ್ಷ, ನಮ್ಮದೇ ಸಮೀಕರಣ ಬರೆದು ಸೇರಿಸುವ ಸೌಲಭ್ಯವನ್ನು ಕೊನೆಗೂ ಕೈಗೆತ್ತಿಕೊಂಡೆ. ಹೆಚ್ಚು ಜಗ್ಗಿದಾಗ ಲೋಹ ಗಟ್ಟಿಯಾಗುವ ಬದಲು ಮೆತ್ತಗಾಗುವುದನ್ನೂ ಲೆಕ್ಕಕ್ಕೆ ತರುವ, ಜಾನ್ಸನ್-ಕುಕ್ ಸಮೀಕರಣಕ್ಕೆ 2008ರಲ್ಲಿ ಕಲಮಾಜ್ ಮತ್ತು ಸಂಗಡಿಗರು ಮಂಡಿಸಿದ ತಿದ್ದುಪಡಿಯದು. ಸಂಜೆ ಆರಕ್ಕೆ ಲೆಕ್ಕ ಹಚ್ಚಿ ಮನೆಗೆ ಹೋಗುವುದು, ಬೆಳಿಗ್ಗೆ ಬಂದು ಪಕ್ಕದ ಅಂಗಡಿಯ ಕಾಫಿ ಆರುವುದರೊಳಗೆ ಫಲಿತಾಂಶ ತೆರೆಯುವುದು ರೂಢಿಯಾಯಿತು. ಮೇಜಿನ ಮೇಲೆ ರೆಸಿನ್‌ನಲ್ಲಿ ಕೂರಿಸಿ ಪಾಲಿಶ್ ಮಾಡಿದ ನಿಜವಾದ ಚಿಪ್ ಸೂಕ್ಷ್ಮದರ್ಶಕದಡಿ ಸದಾ ಸಿದ್ಧವಾಗಿರುತ್ತದೆ. ಒಂದು ಬೆಳಿಗ್ಗೆ ಪರದೆಯಲ್ಲಿ ಟೂಲ್‌ನ ತುದಿಯಿಂದ ಕೂದಲೆಳೆಯಷ್ಟು ಕೆಂಪು ಗೆರೆಯೊಂದು ಓರೆಯಾಗಿ ಮೇಲಕ್ಕೆ ಓಡಿತು. ಅದರ ಮೇಲಿನ ತುಂಡು ಜಾರಿ ಹಲ್ಲಾಗಿ ನಿಂತಿತು. ಹಿಂದೆಯೇ ಇನ್ನೊಂದು. ಹಲ್ಲಿನಿಂದ ಹಲ್ಲಿಗೆ ಇದ್ದ ದೂರವನ್ನು ಸೂಕ್ಷ್ಮದರ್ಶಕದ ಚಿತ್ರದ ಪಕ್ಕ ಇಟ್ಟು ನೋಡಿದೆ, ಬಹುಪಾಲು ಹೊಂದುತ್ತಿತ್ತು. ಹುಡುಗರನ್ನೆಲ್ಲ ಕರೆದು ತೋರಿಸಿದೆ. ಇಪ್ಪತ್ತು ವರ್ಷ ಗುಡಿಸಿ ಡಬ್ಬಕ್ಕೆ ತುಂಬಿದ ಚಿಪ್ ಹುಟ್ಟುವುದನ್ನು ನಾವು ಮೊದಲ ಸಲ ಕಂಡದ್ದು ಆವತ್ತು.

ಫೀಡ್ ಬಲ ಇಂದಿಗೂ ಕಡಿಮೆಯೇ ಬರುತ್ತದೆ. ಬಲ ಅಳೆಯುವ ಡೈನಮೋಮೀಟರ್‌ನಲ್ಲಿ ಅಳೆದು, ಆ ಅನುಪಾತದಿಂದ ಗುಣಿಸಿಕೊಂಡ ಮೇಲೆಯೇ ಯಂತ್ರಕ್ಕೆ ಸಂಖ್ಯೆ ಕೊಡುತ್ತೇನೆ. ಅಳೆಯುವ ಅನುಕೂಲ ಇಲ್ಲದವರು ಈ ದುಡ್ಡು ಹಾಕಬೇಡಿ. ಇರುವವರು ಕೊಳ್ಳುವ ಮೊದಲು ನಿಮ್ಮದೇ ಲೋಹದ ಸರಳಿನ ಚಿಪ್ ಕೊಟ್ಟು, ಅದರ ಹಲ್ಲು ಮೂಡಿಸಿ ತೋರಿಸಿ ಎಂದು ಕೇಳಿ. ನಾನು ಇನ್ನೊಂದು ವರ್ಷಕ್ಕೆ ನವೀಕರಿಸಿದ್ದೇನೆ.