ಹದಿಹರೆಯದವರಿಗಾಗಿ ಬರೆದ ಚೊಚ್ಚಲ ಕಾದಂಬರಿ: ಪ್ರಕಾಶಕರಿಗೆ ಕೊಡುವುದೋ, ನೀವೇ ಅಚ್ಚು ಹಾಕಿಸುವುದೋ?

ಲೆಕ್ಕದಿಂದಲೇ ಶುರು ಮಾಡೋಣ. 200 ರೂಪಾಯಿ ಮುಖಬೆಲೆಗೆ ಪ್ರಕಾಶಕರು ಶೇ. 10 ಗೌರವಧನ ಕೊಟ್ಟರೆ ಪ್ರತಿಗೆ 20 ರೂಪಾಯಿ ನಿಮ್ಮದು, ಕೈಯಿಂದ ಹಾಕುವುದೇನಿಲ್ಲ. ಸ್ವಂತ ಪ್ರಕಟಣೆಯಲ್ಲಿ ಅಂಗಡಿಗೆ ಶೇ. 40 ರಿಯಾಯಿತಿ ಕೊಟ್ಟರೆ ಪ್ರತಿಗೆ 120 ಕೈಗೆ ಬರುತ್ತದೆ, ಮುದ್ರಣಕ್ಕೆ 70 ರೂಪಾಯಿ ಎಂದಿಟ್ಟುಕೊಂಡರೆ 50 ಉಳಿಯುತ್ತದೆ. ಆದರೆ 500 ಪ್ರತಿಗೆ 35,000 ಮೊದಲೇ ಸುರಿಯಬೇಕು, 292 ಪ್ರತಿ ಖರ್ಚಾಗುವವರೆಗೆ ಅಸಲೂ ಹುಟ್ಟದು. ಮಾರುವ ಓಡಾಟ ಬೇಡವೆನ್ನುವವರು ಪ್ರಕಾಶಕರನ್ನೇ ಹುಡುಕಿ.

ದುಡ್ಡಿಗಿಂತ ಭಾಷೆಯ ಪ್ರಶ್ನೆ ದೊಡ್ಡದು. ಗದಗಿನ ಹುಡುಗಿ ‘ಸಾಲಿಗೆ ಹೊಂಟೀನಿ’ ಅಂದದ್ದನ್ನು ‘ಶಾಲೆಗೆ ಹೊರಟಿದ್ದೇನೆ’ ಎಂದು ತಿದ್ದುವ ಸಂಪಾದಕರು ಸಿಕ್ಕರೆ ಪಾತ್ರವೇ ಸತ್ತಂತೆ. ಒಪ್ಪಂದಕ್ಕೆ ಮುಂಚೆ ಒಂದು ಅಧ್ಯಾಯ ತಿದ್ದಿಸಿ ನೋಡಿ. ಸ್ವಂತ ಪ್ರಕಟಣೆಯಲ್ಲಿ ಈ ಕಾಟವಿಲ್ಲ, ತಪ್ಪು ಹಿಡಿಯುವವರೂ ಇಲ್ಲ! ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಎಲ್ಲ ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಜಾರುತ್ತವೆ. ಕರಡನ್ನು ಕಾಗದದಲ್ಲೇ ಎರಡು ಸಲ ಓದಿಸಿ, ಒಮ್ಮೆಯಾದರೂ ಹದಿನಾರರ ಹುಡುಗ ಹುಡುಗಿಯರಿಂದ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ನಮ್ಮಲ್ಲಿ ಉಚಿತ, ಅದಕ್ಕೆಂದು ಮಧ್ಯವರ್ತಿಗೆ ಹಣ ಕೊಡಬೇಡಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ಕೇಳುವುದು ಹಸ್ತಪ್ರತಿ, ಹಾಗಾಗಿ ಅಚ್ಚಿಗೆ ಅವಸರಪಟ್ಟರೆ ಆ ಅವಕಾಶ ತಪ್ಪುತ್ತದೆ.