ಗ್ರೀಸಿನ ನಾಫ್‌ಪ್ಲಿಯೊಗೆ ಹೋಗುವವರು ಮೀನು ಆರ್ಡರ್ ಮಾಡುವ ಮೊದಲು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಮೂರು ಜನ, ಒಂದು ಮೀನು, ಒಂದು ರಾತ್ರಿಯ ಊಟ, 190 ಯೂರೋ. ನಮ್ಮ ದುಡ್ಡಿನಲ್ಲಿ ಹದಿನೆಂಟು ಸಾವಿರದ ಮೇಲೆ. ನಗುವವರು ನಕ್ಕುಬಿಡಿ. ನಾನು ಗಂಗೊಳ್ಳಿ ಕಡೆಯವನು, ಮೀನು ಪೇಟೆಯ ಗಲಾಟೆ ಕೇಳಿಕೊಂಡೇ ಬೆಳೆದವನು. ಬಟ್ಟೆಯಲ್ಲೋ ಚಿನ್ನದಲ್ಲೋ ಮೋಸ ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಮೀನಿನಲ್ಲಿ ಹೋದೆ. ಅದೂ ಅಮ್ಮನ ಎದುರು.

ನನಗೆ ಜರ್ಮನಿಯಲ್ಲಿ ಕೆಲಸ. ಮೂರು ತಿಂಗಳಿಗೆಂದು ಬಂದಿದ್ದ ಅಮ್ಮನದು ಒಂದೇ ಗೋಳು, "ಇಲ್ಲ್ ಕಡಲೇ ಇಲ್ಲ ಅಲ್ದಾ ಮಗಾ?" ಸರಿ, ಕಡಲು ತೋರಿಸೋಣ ಅಂತ ಕಳೆದ ಮೇನಲ್ಲಿ ಅಥೆನ್ಸ್‌ಗೆ ಹೋಗಿ, ಅಲ್ಲಿಂದ ಬಸ್ ಹಿಡಿದು ಎರಡೂವರೆ ಗಂಟೆಯಲ್ಲಿ ನಾಫ್‌ಪ್ಲಿಯೊ ಮುಟ್ಟಿದೆವು. ಅಮ್ಮ, ನಾನು, ನನ್ನ ಹೆಂಡತಿ. ಮೂರು ರಾತ್ರಿ.

ಊರಿನ ಬಗ್ಗೆ ನನ್ನ ತಕರಾರಿಲ್ಲ, ಇದು ಸ್ಪಷ್ಟ ಇರಲಿ. ಅಥೆನ್ಸ್‌ಗಿಂತ ಮೊದಲು, 1834ರವರೆಗೆ, ಹೊಸ ಗ್ರೀಸಿನ ರಾಜಧಾನಿ ಇದೇ. ಬಂದರಿನ ನಡುವೆ ಬೂರ್ಟ್ಸಿ ಅಂತ ಪುಟ್ಟ ನೀರುಕೋಟೆ, ವೆನಿಸ್‌ನವರು 1473ರಲ್ಲಿ ಕಟ್ಟಿದ್ದು. ತಲೆಯ ಮೇಲೆ ಪಲಮಿಡಿ ಬೆಟ್ಟಗೋಟೆ. ಮೆಟ್ಟಿಲು 999 ಅಂತ ಊರೆಲ್ಲ ಹೇಳುತ್ತದೆ, ಎಣಿಸಿದವರ ಲೆಕ್ಕ ಮಾತ್ರ ಒಬ್ಬರದೊಂದು. ಅಮ್ಮನ ಮಂಡಿ ನೋವಿಗೆ ಟ್ಯಾಕ್ಸಿಯಲ್ಲಿ ಹಿಂದಿನ ರಸ್ತೆಯಿಂದ ಹೋದೆವು. ಆ ಕೋಟೆಯನ್ನು 1711ರಿಂದ 1714ರವರೆಗೆ ಕಷ್ಟಪಟ್ಟು ಕಟ್ಟಿಸಿದ ವೆನಿಸ್‌ನವರು ಮರು ವರ್ಷವೇ ಅದನ್ನು ತುರ್ಕರ ಕೈಗೆ ಬಿಟ್ಟು ಹೋದರಂತೆ. ಆಗ ನಕ್ಕಿದ್ದೆ. ನಾನು ಅದಕ್ಕಿಂತ ಬೇಗ ಸೋತೆ.

ನನ್ನ ಬುದ್ಧಿವಂತಿಕೆ ಎಂಥದ್ದು ನೋಡಿ. ಮೊದಲ ದಿನ ನಾನು ಅನುಮಾನಪಟ್ಟದ್ದು ಯಾರ ಮೇಲೆ? ಮನೆ ಬಾಡಿಗೆಗೆ ಕೊಟ್ಟ ಹೆಂಗಸಿನ ಮೇಲೆ. ಬುಕ್ ಮಾಡುವಾಗಲೇ ದುಡ್ಡು ಕಟ್ಟಿದ್ದೆ. ಆಕೆ ಬೀಗದ ಕೈ ಕೊಡುತ್ತಾ ಇನ್ನೂ 24 ಯೂರೋ ಬೇಕು, ಸರ್ಕಾರದ ತೆರಿಗೆ ಅಂದಳು. ಎಲ್ಲ ಕಡೆ ಹೀಗೇ ಅಲ್ಲವಾ, ಬಂದ ಮೇಲೆ ಹೊಸ ಹೊಸ ಚಾರ್ಜು! ಬಾಗಿಲಲ್ಲೇ ಹತ್ತು ನಿಮಿಷ ವಾದ ಮಾಡಿದೆ. ಆಕೆ ಪಾಪ ಕಾಗದ ತಂದು ತೋರಿಸಿದಳು. ಹವಾಮಾನದ ಹೆಸರಿನ ತೆರಿಗೆ. ಇಂಥ ಬಾಡಿಗೆ ಮನೆಗಳಿಗೆ 2025ರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ರಾತ್ರಿಗೆ 8 ಯೂರೋ. ಪೂರ್ತಿ ನಿಜ. ಎಲ್ಲರೂ ಕೊಡಲೇಬೇಕು. ಮುಖ ಗಂಟು ಹಾಕಿಕೊಂಡು ಕೊಟ್ಟೆ. ಪ್ರಾಮಾಣಿಕಳ ಹತ್ತಿರ 24ಕ್ಕೆ ಜಗಳ ಮಾಡಿದವನು ಮರುದಿನ ನಗುನಗುತ್ತಾ ಇದ್ದವನ ಕೈಯಲ್ಲಿ 190 ಇಟ್ಟು ಬಂದೆ.

ಎರಡನೇ ದಿನ ಸಂಜೆ ಸೇಂಟ್ ಸ್ಪಿರಿಡಾನ್ ಚರ್ಚಿಗೆ ಹೋಗಿದ್ದೆವು. ದೇಶದ ಮೊದಲ ಆಡಳಿತಗಾರ ಕಪೊಡಿಸ್ಟ್ರಿಯಾಸ್‌ನನ್ನು 1831ರಲ್ಲಿ ಕೊಂದದ್ದು ಅದರ ಬಾಗಿಲಲ್ಲೇ. ಗುಂಡು ತಾಗಿದ ಗುರುತಿಗೆ ಗಾಜು ಹಾಕಿ ಇಟ್ಟಿದ್ದಾರೆ. ಅಲ್ಲಿಂದ ಇಳಿದು ಕಡಲ ದಡಕ್ಕೆ ಬಂದೆವು. ಹಸಿವು. ದಡದ ಸಾಲಿನಲ್ಲಿ ಹೋಟೆಲ್ ಮೇಲೆ ಹೋಟೆಲ್, ಪ್ರತಿ ಬಾಗಿಲಲ್ಲೂ ಕರೆಯುವವನೊಬ್ಬ. ಕರೆಯುವ ಕಡೆ ಹೋಗಬಾರದು ಅನ್ನುವುದು ನಮಗೆಲ್ಲ ಗೊತ್ತು ತಾನೇ? ನನಗೂ ಗೊತ್ತಿತ್ತು. ಆದರೆ ಅವನು ಅಮ್ಮನನ್ನು ನೋಡಿ ಎದೆ ಮೇಲೆ ಕೈ ಇಟ್ಟು "ಮಾಮಾ, ವೆಲ್‌ಕಮ್" ಅಂದ. ಅಮ್ಮ ನಕ್ಕರು. ಅಲ್ಲಿಗೆ ಮುಗಿಯಿತು.

ಐಸ್ ಹಾಕಿದ ಗಾಜಿನ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗಿ ಮೀನು ತೋರಿಸಿದ. ಕೆಂಪು ಬಣ್ಣದ, ನಮ್ಮ ಕೆಂಬೇರಿಯ ಹಾಗೆ ಕಾಣುವ ಮೀನು, ಅವರ ಬಾಯಲ್ಲಿ ಫಗ್ರಿ. ಅಮ್ಮ ಕಿವಿರು ಎತ್ತಿ ನೋಡಿದರು. ತಾಜಾ ಇತ್ತು, ಅದರಲ್ಲಿ ಸುಳ್ಳಿಲ್ಲ. ಸಾಕಿದ ಮೀನಲ್ಲ ಮೈ ಫ್ರೆಂಡ್, ಕಡಲಿಂದ ಇವತ್ತು ಬೆಳಿಗ್ಗೆ ಬಂದದ್ದು, ಮೂರು ಜನಕ್ಕೆ ಒಂದು ಸಾಕು ಅಂದ.

"ಎಷ್ಟು?" ಅಂತ ಕೇಳಿದೆ.

"ಎಂಬತ್ತು."

ಇಲ್ಲಿ ನಿಲ್ಲಿ. ನಾನು ಪ್ರತಿ ರಾತ್ರಿ ಇಲ್ಲೇ ಬಂದು ನಿಲ್ಲುತ್ತಿದ್ದೇನೆ. ಎಂಬತ್ತು ಅಂದ, ಅಷ್ಟೇ. ಕೆಜಿಗೆ ಅನ್ನಲಿಲ್ಲ. ನಾನು ಮೀನಿಗೆ ಅಂದುಕೊಂಡೆ. ನಮ್ಮಲ್ಲಿ ಬಂಗುಡೆಯನ್ನು ಎಣಿಸಿಯೇ ಕೊಡುವುದಲ್ಲವಾ, ನೂರಕ್ಕೆ ಇಷ್ಟು ಅಂತ? ಆದರೆ ದೊಡ್ಡ ಮೀನಿಗೆ ಊರಲ್ಲೂ ತೂಕದ ಲೆಕ್ಕವೇ, ಅಂಜಲ್ ಅನ್ನು ಯಾರು ಎಣಿಸಿ ಮಾರುತ್ತಾರೆ! ಅದು ಹೊಳೆಯಲಿಲ್ಲ. ಎಂಬತ್ತೇ ದುಬಾರಿ ಅನಿಸಿತ್ತು. ಅಮ್ಮ ಮತ್ತೆ ಯಾವಾಗ ಬರುತ್ತಾರೋ ಅಂತ "ಸರಿ" ಅಂದುಬಿಟ್ಟೆ. ಅವನು ಮೀನು ಎತ್ತಿಕೊಂಡು ನೇರ ಒಳಗೆ ಹೋದ. ತಕ್ಕಡಿ ಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಅದರ ಮೇಲೊಂದು ಟವಲ್ ಮಡಚಿ ಇಟ್ಟಿತ್ತು.

ಮೇಜಿಗೆ ಕೂತ ಮೇಲೆ ಅಮ್ಮ ಮೆಲ್ಲಗೆ ಕೇಳಿದರು, "ಮೀನ್ ತೂಗ್ಲೇ ಇಲ್ಲ ಅಲ್ದಾ?"

ನಾನು ಏನಂದೆ ಗೊತ್ತಾ? "ಇಲ್ಲಿ ಹಾಗೆಲ್ಲ ಇಲ್ಲಮ್ಮ, ಇದು ಯುರೋಪ್."

ಈ ಮಾತನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಊಟ ಚೆನ್ನಾಗಿತ್ತು. ಕೆಂಡದ ಮೇಲೆ ಸುಟ್ಟು, ನಿಂಬೆರಸ, ಆಲಿವ್ ಎಣ್ಣೆ ಹಾಕಿದ್ದರು. ಅಮ್ಮ ಖಾರ ಇಲ್ಲ ಅನ್ನುತ್ತಲೇ ತಲೆ ಭಾಗವನ್ನು ಪೂರ್ತಿ ಖಾಲಿ ಮಾಡಿದರು. ಕೇಳದೇ ಬ್ರೆಡ್ ಬುಟ್ಟಿ ಬಂತು, ಕೇಳದೇ ನೀರಿನ ಬಾಟಲಿ ಬಂತು. ಅದಿರಲಿ, ಅಲ್ಲಿ ತಲೆಗಿಷ್ಟು ಅಂತ ಬ್ರೆಡ್ಡಿಗೆ ಹಾಕುವುದು ರೂಢಿ.

ಆಮೇಲೆ ಬಿಲ್ಲು. ಬಿಲ್ಲು ಅನ್ನಬಾರದು, ಚೀಟಿ. ಮೇಜಿಗೆ ಹಾಸಿದ ಕಾಗದದ ಮೂಲೆ ಹರಿದು ಪೆನ್ನಿನಲ್ಲಿ ಗೀಚಿದ್ದು. ಸಾಲಡ್ 12, ಆಲೂ 6, ಬ್ರೆಡ್ 6, ನೀರು 3, ಎರಡು ಬಿಯರ್ 10. ಮೀನಿನ ಸಾಲಿನಲ್ಲಿ 1,9 × 80 = 152. ಮೊದಲು ಬೇರೆ ಮೇಜಿನದು ಬಂದಿದೆ ಅಂದುಕೊಂಡೆ. ಹೆಂಡತಿ ನನ್ನ ಮುಖ ನೋಡಿ ಚೀಟಿ ಕಿತ್ತುಕೊಂಡಳು. ಒಟ್ಟು 189.

ಕರೆದು ಕೇಳಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಒಂದೂ ಮರೆತಿಲ್ಲ.

ಎಂಬತ್ತು ಅಂದಿದ್ದೆಯಲ್ಲ? "ಹೌದು ಮೈ ಫ್ರೆಂಡ್, ಕಿಲೋಗೆ. ಮೆನುವಿನಲ್ಲಿದೆ." ಮೆನು ತೆಗೆದು ನೋಡಿದೆ. ಇತ್ತು. ಬೆಲೆಯ ಪಕ್ಕದಲ್ಲಿ ಇರುವೆ ಗಾತ್ರದ ಗ್ರೀಕ್ ಅಕ್ಷರದಲ್ಲಿ ಕಿಲೋ ಅಂತ. ಇಲ್ಲಿ ನನ್ನದೇ ತಪ್ಪು, ಒಪ್ಪಿಕೊಂಡೆ. ಒಂದು ಕೆಜಿ ಒಂಬೈನೂರು ಹೇಗಾಯಿತು, ನಮ್ಮೆದುರು ತೂಗಲಿಲ್ಲವಲ್ಲ? "ಒಳಗೆ ತೂಗಿದೆವು." ಇಷ್ಟು ದೊಡ್ಡದಿರಲಿಲ್ಲ ಅದು. "ಸುಟ್ಟಾಗ ಕುಗ್ಗುತ್ತದೆ." ಅಮ್ಮ ತಟ್ಟೆಯ ಮೇಲಿದ್ದ ತಲೆಗೂ ಬಾಲಕ್ಕೂ ಕೈ ಹಿಡಿದು ತೋರಿಸಿದರು. ಒಂದು ಮೊಳ ತುಂಬುವುದಿಲ್ಲ. "ಇದ್ ಒಂದೂಕಾಲು ಕೆಜಿ ದಾಟುದಿಲ್ಲ, ಹೇಳ್ ಅಂವಂಗೆ" ಅಂದರು. ಮುಳ್ಳು ಎಲ್ಲಾದರೂ ಕುಗ್ಗುತ್ತದಾ? ಹೇಳಿದೆ. ಅವನು ಅಮ್ಮನನ್ನು ನೋಡಿ ಮತ್ತೆ ಎದೆ ಮೇಲೆ ಕೈ ಇಟ್ಟ. "ಮಾಮಾ ಚೆನ್ನಾಗಿ ತಿಂದರು ಅಲ್ಲವಾ?"

ಆ ಮಾತಿಗೆ ಏನು ಉತ್ತರ ಕೊಡುವುದು? ಅಮ್ಮನಿಗೆ ತಾನು ತಿಂದದ್ದೇ ತಪ್ಪಾಯಿತು ಅನಿಸಿಬಿಟ್ಟಿತು. ಮುಖ ಸಣ್ಣದಾಯಿತು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರು. ಕಾರ್ಡ್ ಕೊಟ್ಟೆ. "ಮೆಷಿನ್ ಕೆಟ್ಟಿದೆ, ಕ್ಯಾಶ್." ಮೂಲೆಯ ಎಟಿಎಂಗೆ ನಡೆದೆ, ಅದು ತನ್ನ ಶುಲ್ಕ ಅಂತ ಇನ್ನೊಂದಿಷ್ಟು ಕಿತ್ತುಕೊಂಡಿತು. 190 ಕೊಟ್ಟೆ. ಒಂದು ಯೂರೋ ಚಿಲ್ಲರೆ ಸಹ ವಾಪಸ್ ಬರಲಿಲ್ಲ. ಆ ಒಂದು ಯೂರೋ ಯಾಕೋ 189ಕ್ಕಿಂತ ಜಾಸ್ತಿ ಚುಚ್ಚುತ್ತದೆ.

ರಾತ್ರಿ ಮನೆಯ ಓನರ್ ಹೆಂಗಸು ಮೆಟ್ಟಿಲಲ್ಲಿ ಸಿಕ್ಕಳು. ನಮ್ಮ ಮುಖ ನೋಡಿ ಏನಾಯಿತು ಅಂದಳು. ಹೇಳಿದೆವು. ಆಕೆಯ ಮೊದಲ ಪ್ರಶ್ನೆ, "ಆಪೊದಿಕ್ಸಿ ಕೊಟ್ಟರಾ?" ಆಪೊದಿಕ್ಸಿ ಅಂದರೆ ರಸೀದಿ, ಯಂತ್ರದಿಂದ ಬರುವ ಅಸಲಿ ರಸೀದಿ. ಇಲ್ಲ ಅಂದೆ. ಆಕೆ ಹಣೆಗೆ ಕೈ ಹೊಡೆದುಕೊಂಡಳು. ರಸೀದಿ ಕೊಡದಿದ್ದರೆ ಗಿರಾಕಿ ದುಡ್ಡು ಕೊಡಬೇಕಾಗಿಯೇ ಇಲ್ಲ, ಗ್ರೀಸಿನಲ್ಲಿ ಹಾಗೆ ಕಾನೂನಿದೆ, ಹೋಟೆಲಿನಲ್ಲೇ ಬರೆದು ಹಾಕಿರುತ್ತಾರೆ ಅಂದಳು. ಕಾರ್ಡ್ ಮೆಷಿನ್ ಇಡುವುದೂ ಕಡ್ಡಾಯವಂತೆ. ಹಿಂದಿನ ದಿನ ನಾನು ಬಾಗಿಲಲ್ಲಿ ನಿಲ್ಲಿಸಿ ವಾದ ಮಾಡಿದ್ದು ಇದೇ ಹೆಂಗಸಿನ ಹತ್ತಿರ. ಕ್ಷಮೆ ಕೇಳಿದೆ. ಆಕೆ ಕೈ ಬೀಸಿ, ನಾಳೆ ಹೋಗಿ ರಸೀದಿ ಕೇಳು, ಹೆದರುತ್ತಾರೆ ಅಂದಳು.

ಹೆದರಲಿಲ್ಲ. ಮಧ್ಯಾಹ್ನ ಹೋದರೆ ಬೇರೆ ಹುಡುಗ, "ಬಾಸ್ ಸಂಜೆ ಬರುತ್ತಾರೆ." ಸಂಜೆ ಹೋದೆ. ಮಾಮಾ ಅಂದವನೇ ಬಾಸ್! ನನ್ನನ್ನು ನೋಡಿದ, ಗುರುತೇ ಇಲ್ಲದವನ ಹಾಗೆ. ಯಾವ ಮೇಜು? ಯಾವಾಗ? ಯಾವ ಮೀನು? ಎಲ್ಲ ಹೇಳಿದೆ. ಕೊನೆಗೆ ಕೇಳಿದ,

"ರಸೀದಿ ಇದೆಯಾ?"

ನೀನೇ ಕೊಡಲಿಲ್ಲವಲ್ಲ ಮಾರಾಯ! ಅದಕ್ಕೇ ಬಂದದ್ದು! "ರಸೀದಿ ಇಲ್ಲದೆ ನೀವು ಇಲ್ಲಿ ತಿಂದದ್ದು ನನಗೆ ಹೇಗೆ ಗೊತ್ತಾಗಬೇಕು?" ಗೀಚಿದ ಚೀಟಿ? ಅದನ್ನು ತಟ್ಟೆಗಳ ಜೊತೆ ಅವನೇ ಎತ್ತಿಕೊಂಡು ಹೋಗಿದ್ದ. ಟೂರಿಸ್ಟ್ ಪೊಲೀಸ್‌ಗೆ ಫೋನ್ ಮಾಡುತ್ತೇನೆ ಅಂದೆ. "ಮಾಡಿ. ಏನು ತೋರಿಸುತ್ತೀರಿ?" ಸಿಟ್ಟಿಲ್ಲ, ಗಲಾಟೆಯಿಲ್ಲ, ಮಗ್ಗಿ ಹೇಳಿದ ಹಾಗೆ ಹೇಳಿದ. ಕೊನೆಗೆ ಮಾಮಾಗೆ ಒಂದು ಐಸ್‌ಕ್ರೀಮ್ ನನ್ನ ಲೆಕ್ಕದಲ್ಲಿ ಅಂದ. ಅಂದರೆ ನಮ್ಮ ನೆನಪಿತ್ತು!

ಬೂರ್ಟ್ಸಿ ಕೋಟೆಯಲ್ಲಿ ಒಂದು ಕಾಲಕ್ಕೆ ಮರಣದಂಡನೆಯಾದವರ ತಲೆ ಕಡಿಯುವವರನ್ನು ಇಟ್ಟಿದ್ದರು, ಊರೊಳಗೆ ಅವರು ಬೇಡ ಅಂತ. ಈಗ ಊರೊಳಗೇ ಇದ್ದಾರೆ, ಮೆನು ಹಿಡಿದುಕೊಂಡು.

ಅದೇ ರಾತ್ರಿ ಒಳಗಿನ ಓಣಿಯ ಸಣ್ಣ ಜಾಗದಲ್ಲಿ ಉಂಡೆವು. ಅಲ್ಲಿನ ಹೆಂಗಸು ಮೀನು ತಕ್ಕಡಿಗೆ ಹಾಕಿ, ನಮ್ಮ ಕಡೆ ತಿರುಗಿಸಿ, ಬೆಲೆ ಕೂಡಿಸಿ ತೋರಿಸಿ, ಸರಿಯಾ ಅಂತ ಕೇಳಿದಳು. ಬೇಡ ಅಂದೆವು, ಧೈರ್ಯ ಬರಲಿಲ್ಲ. ಕೊಲ್ಲತರು ಹಾಗಿರುವ ಸಣ್ಣ ಮೀನು ಕರಿದದ್ದು ಒಂದು ತಟ್ಟೆ ತಗೊಂಡೆವು, ಅದಕ್ಕೆ ತಟ್ಟೆಯ ಲೆಕ್ಕ.

ಹೋಗುವವರು ಹೋಗಿ, ಊರು ಚೆಂದವಿದೆ. ಇಡೀ ಮೀನು ಬೇಕಾದರೆ ಕಿಲೋ ರೇಟು ಕೇಳಿ, ಕಣ್ಣೆದುರು ತೂಗಿಸಿ, ಒಟ್ಟು ಎಷ್ಟು ಅಂತ ಒಲೆಗೆ ಹೋಗುವ ಮೊದಲೇ ಬರೆಸಿಕೊಳ್ಳಿ. ಆಪೊದಿಕ್ಸಿ ಬಾರದೆ ಪರ್ಸ್ ತೆಗೆಯಬೇಡಿ. ಟೂರಿಸ್ಟ್ ಪೊಲೀಸ್ ನಂಬರ್ 1571, ಮೇಜಿನ ಮೇಲೆ ಚೀಟಿ ಇರುವಾಗಲೇ ಮಾಡಿ, ನನ್ನ ಹಾಗೆ ಮರುದಿನ ಅಲ್ಲ. ಅಮ್ಮಂದಿರನ್ನು ಮಾಮಾ ಅನ್ನುವವನ ಹೋಟೆಲಿಗೆ ಹೋಗಲೇಬೇಡಿ.

ಮೊನ್ನೆ ಫೋನಿನಲ್ಲಿ ಫೋಟೋ ನೋಡುತ್ತಿದ್ದೆ. ಆ ರಾತ್ರಿ ಮೀನು ಬಂದ ಕೂಡಲೇ ಹೆಂಡತಿ ತೆಗೆದದ್ದೊಂದಿದೆ. ಅಮ್ಮ ತಟ್ಟೆಯ ಹಿಂದೆ ನಗುತ್ತಾ ಕೂತಿದ್ದಾರೆ. ಅವರ ತಲೆಯ ಹಿಂದೆ ಗೋಡೆಯಲ್ಲಿ ಒಂದು ಫಲಕ. ದೊಡ್ಡದು ಮಾಡಿ ನೋಡಿದೆ. ಗ್ರೀಕಿನಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು, ರಸೀದಿ ಕೊಡದಿದ್ದರೆ ಗಿರಾಕಿ ದುಡ್ಡು ಕೊಡಬೇಕಾಗಿಲ್ಲ ಅಂತ. ಅಮ್ಮನಿಗೆ ಆ ಫೋಟೋ ಬೇಕಂತೆ, ಊರಲ್ಲಿ ತೋರಿಸಲಿಕ್ಕೆ. ಇನ್ನೂ ಕಳಿಸಿಲ್ಲ.